ರಸ್ತೆಯ ರಾಜನಿಗೆ ಟಾಟಾ ಏಸ್ ಪಲ್ಲಕ್ಕಿ

ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ಭಕ್ತರ ಜಾತ್ರೆ. ಮೈಸೂರಿನ ಮೈದಾನವೊಂದರಲ್ಲಿ ಬೆಳಿಗ್ಗೆ ಏಳಕ್ಕೇ ನೀಲಿ ಹೊಗೆ ಕವಿದಿತ್ತು. ಜೂನ್ 5ರ ಪರಿಸರ ದಿನದಂದು ಗಿಡ ನೆಟ್ಟು ಫೋಟೊ ತೆಗೆಸಿಕೊಂಡವರೇ ಅಲ್ಲಿ ಆಕ್ಸಿಲರೇಟರ್ ತಿರುವುತ್ತಾ ನಿಂತಿದ್ದರು.

ಗೇಟಿನಿಂದ ನೂರು ಗಜ ಆಚೆ, ಮರದ ಮರೆಯಲ್ಲಿ, ಒಂದು ಟಾಟಾ ಏಸ್ ಬಂದು ನಿಂತಿತು. ಅದರ ಬೆನ್ನ ಮೇಲೆ ಯೆಜ್ಡಿ ರೋಡ್‌ಕಿಂಗ್. ನಾಲ್ಕೂ ಕಡೆ ಹಗ್ಗ. ಟ್ಯಾಂಕಿನ ಮೇಲೆ ಕಂಬಳಿ. ಕನ್ನಡಿಗೆ ಹಳೇ ಬನಿಯನ್ನು. ರೋಡ್‌ಕಿಂಗ್ ಎಂದರೆ ರಸ್ತೆಯ ರಾಜ. ರಾಜರು ಪಲ್ಲಕ್ಕಿಯಲ್ಲಿ ಬರುವುದು ವಾಡಿಕೆ. ತಪ್ಪೇನಿಲ್ಲ.

ಹಲಗೆ ಹಾಕಿ ರಾಜರನ್ನು ಇಳಿಸಿದರು. ಹಿಂದೆಯೇ ಕಾರಿನಲ್ಲಿ ಬಂದ ಮಾಲೀಕರು ಎಸಿ ಆರಿಸಿ ಕೆಳಗಿಳಿದು ಚರ್ಮದ ಜಾಕೆಟ್ ತೊಟ್ಟರು. ಮೊಣಕಾಲಿಗೆ ಕವಚ. ಕೈಗೆ ಗ್ಲೌಸು. ಏಳು ಕಿಕ್ ಹೊಡೆದರು. ಎಂಟನೆಯದಕ್ಕೆ ಗಾಡಿ ಕೆಮ್ಮಿತು. ಹನ್ನೊಂದನೆಯದಕ್ಕೆ ಎದ್ದಿತು. ನೂರು ಗಜ ಓಡಿಸಿಕೊಂಡು ಒಳಗೆ ಬಂದರು. ಚಪ್ಪಾಳೆ.

ಆಮೇಲೆ ಮೈಕು. ‘ಬೆಳಗಾವಿಯಿಂದ ಬಂದೇನ್ರಿ. ಐನೂರು ಕಿಲೋಮೀಟರ್ ಮ್ಯಾಲ. ಈ ಗಾಡಿ ನನಗ ಒಮ್ಮಿನೂ ಕೈ ಕೊಟ್ಟಿಲ್ಲರಿ.’

ಕೈ ಕೊಡಲು ಅದಕ್ಕೆ ಅವಕಾಶವಾದರೂ ಎಲ್ಲಿ ಸಿಕ್ಕಿತು?

ಹಳೇ ಬೈಕಿನವರ ನಿಘಂಟೇ ಬೇರೆ. ಕ್ಲಚ್ ವೈರ್ ಕಿತ್ತುಹೋದರೆ ತಪ್ಪು ವೈರಿನದು. ಪ್ಲಗ್ ಸತ್ತರೆ ಪ್ಲಗ್ಗಿನದು. ಪಾಯಿಂಟ್ ಸುಟ್ಟರೆ ಡೂಪ್ಲಿಕೇಟ್ ಮಾಲು ಮಾರಿದ ಅಂಗಡಿಯವನದು. ಕಾರ್ಬೊರೇಟರ್ ಕಟ್ಟಿಕೊಂಡರೆ ಪೆಟ್ರೋಲ್ ಬಂಕಿನದು. ಎಂಜಿನ್ ನಡುರಸ್ತೆಯಲ್ಲಿ ಬಿಗಿದು ನಿಂತರೂ ‘ಹಿಂದಿನ ಓನರ್ ಸರಿಯಾಗಿ ಇಟ್ಕೊಂಡಿರಲಿಲ್ಲ’. ಇಷ್ಟೆಲ್ಲ ಆದ ಮೇಲೂ ಗಾಡಿ ಮಾತ್ರ ಒಮ್ಮೆಯೂ ಕೈಕೊಟ್ಟಿಲ್ಲ.

ಇದೇ ಮಹನೀಯರು ಹೊಸ ಸ್ಕೂಟರಿನ ಇಂಡಿಕೇಟರ್ ಒಂದು ದಿನ ಮಿನುಗದಿದ್ದರೆ ಗ್ರಾಹಕರ ವೇದಿಕೆಗೆ ಹೋಗುತ್ತಾರೆ.

ಹೊಟ್ಟೆಕಿಚ್ಚು ಎಂದುಕೊಳ್ಳಬೇಡಿ. ನನ್ನ ಮನೆಯಲ್ಲೂ ಒಂದಿದೆ. 1979ರ ರೋಡ್‌ಕಿಂಗ್. ಸೋದರಮಾವ ಬಿಟ್ಟುಹೋದದ್ದು. ಅವರು ಅದರಲ್ಲಿ ಧರ್ಮಸ್ಥಳಕ್ಕೆ ಹೋದರು, ಊಟಿಗೆ ಹೋದರು, ಒಮ್ಮೆ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಗೋವಾಕ್ಕೂ ಹೋಗಿಬಂದರು. ಜಾಕೆಟ್ ಇರಲಿಲ್ಲ. ಪ್ಯಾಂಟಿನ ಕಾಲಿಗೆ ಸೈಕಲ್ ಕ್ಲಿಪ್ ಇತ್ತು. ಅವರು ಒಮ್ಮೆಯೂ ‘ಕೈಕೊಟ್ಟಿಲ್ಲ’ ಎಂದವರಲ್ಲ. ಅವರ ಮಾತೇ ಬೇರೆ: ‘ಎಲ್ಲಿ ಕೈಕೊಡುತ್ತೆ ಅಂತ ಗೊತ್ತಿತ್ತು ಕಣೋ.’

ಗೊತ್ತಿದ್ದದ್ದಕ್ಕೆ ಸಾಕ್ಷಿ ಅವರ ಡಬ್ಬಿ. ಎರಡು ಪ್ಲಗ್ಗು, ಒಂದು ಪಾಯಿಂಟ್ ಸೆಟ್ಟು, ಕಂಡೆನ್ಸರ್, ಕ್ಲಚ್ ವೈರು, ಚೈನಿನ ಲಿಂಕು, ಟ್ಯೂಬು, ಎಮರಿ ಪೇಪರ್ ಚೂರು, ಚಿಂದಿ ಬಟ್ಟೆ. ಜೊತೆಗೆ ಬಟ್ಟೆ ಸೋಪಿನ ಒಂದು ತುಂಡು. ಕೈ ತೊಳೆಯಲು ಎಂದುಕೊಂಡಿದ್ದೆ. ಟ್ಯಾಂಕ್ ಸೋರಿದರೆ ಮೆತ್ತಲು ಎಂದು ಆಮೇಲೆ ತಿಳಿಯಿತು. ನಂಬಿಕೆ ಇರುವವರು ಹೀಗೆ ಸೋಪು ಕಟ್ಟಿಕೊಂಡು ತಿರುಗುವುದಿಲ್ಲ. ತಿಳಿವಳಿಕೆ ಇರುವವರು ತಿರುಗುತ್ತಾರೆ.

ಗಾಡಿಯೂ ಪ್ರಾಮಾಣಿಕವಾಗಿಯೇ ಇತ್ತು. ತಾನು ಹೇಗೆ ಸಾಯುತ್ತೇನೆ ಎಂಬುದನ್ನು ಮುಚ್ಚಿಡುತ್ತಿರಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನು. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಆಯಿಲ್ ಕಮ್ಮಿಯಾಯಿತೋ, ಪಿಸ್ಟನ್ ಜಾಮ್. ಜಾಸ್ತಿಯಾಯಿತೋ, ಪ್ಲಗ್ಗಿಗೆ ಮಸಿ. ಕಿಕ್ಕರ್ ಕೂಡ ವಿಚಿತ್ರ: ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುವಿದರೆ ಕಿಕ್ಕರ್, ಇಳಿಸಿದರೆ ಅದೇ ಗೇರು. ಒಂದು ಕಬ್ಬಿಣದ ತುಂಡಿಗೆ ಎರಡು ಕೆಲಸ. ನಮ್ಮ ಕಚೇರಿಗಳಲ್ಲಿ ಇಬ್ಬರಿಗೆ ಸೇರಿ ಒಂದು.

ಇನ್ನು ಕಣ್ಣೀರಿನ ಕಾರ್ಯಕ್ರಮ.

ಜಾತ್ರೆಯಲ್ಲಿ ಯಾದವಗಿರಿಯ ಕಾರ್ಖಾನೆಗೆ ಒಂದು ನಿಮಿಷದ ಮೌನ ತಪ್ಪುವುದಿಲ್ಲ. ಐಡಿಯಲ್ ಜಾವಾ. ಇರಾನಿ ಕುಟುಂಬ ಕಟ್ಟಿದ್ದು, ತಂತ್ರಜ್ಞಾನ ಜೆಕೊಸ್ಲೊವಾಕಿಯಾದ್ದು, 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಯಾನೆಚೆಕ್ ಎಂಬ ಜೆಕ್ ಮಾಲೀಕ, ವಾಂಡರರ್ ಎಂಬ ಜರ್ಮನ್ ಬೈಕು: ಇವೆರಡರ ಮೊದಲಕ್ಷರಗಳು ಸೇರಿ ಹುಟ್ಟಿದ ಹೆಸರು ಮೈಸೂರಿಗೆ ಬಂದು ಜಾವಾ ಆಯಿತು. 1973ರಿಂದ ಯೆಜ್ಡಿ. 1996ರಲ್ಲಿ ಬೀಗ. ‘ಎಂದೆಂದಿಗೂ ಬಾಳುವ ಬೈಕು’ ಎನ್ನುವ ಅರ್ಥದ ಘೋಷಣೆ ಇಟ್ಟುಕೊಂಡಿದ್ದ ಕಂಪನಿ. ಎಂದೆಂದಿಗೂ ಅಂದರೆ 35 ವರ್ಷ ಎಂದು ಆಗ ಯಾರೂ ಬಿಡಿಸಿ ಹೇಳಿರಲಿಲ್ಲ.

ಯಾರು ಕೊಂದರು? ಮೈಕಿನಲ್ಲಿ ಪಟ್ಟಿ ಸಿದ್ಧವಿರುತ್ತದೆ. ಸರ್ಕಾರ. ಯೂನಿಯನ್ನು. ಜಪಾನು. ಮೈಕ್ ಹಿಡಿದವನ ಹೆಸರು ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ.

1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂತು. ಫೋರ್ ಸ್ಟ್ರೋಕ್. ಲೀಟರಿಗೆ ಎಂಬತ್ತು ಎಂದು ಜಾಹೀರಾತು. ಯೆಜ್ಡಿ ಮೂವತ್ತು ಕೊಟ್ಟರೆ ದೊಡ್ಡದು. ಅಷ್ಟೇ ಸಾಕಾಯಿತು. ‘ಎಷ್ಟು ಕೊಡುತ್ತೆ?’ ಎಂಬ ಒಂದೇ ಪ್ರಶ್ನೆ ಹಿಡಿದು ಇಡೀ ಊರು ಸಾಲು ನಿಂತಿತು. ಮಾವನೊಬ್ಬರನ್ನು ಬಿಟ್ಟು ನಮ್ಮ ಬೀದಿಯ ಯೆಜ್ಡಿಗಳೆಲ್ಲ ಗುಜರಿಗೆ, ಇಲ್ಲವೇ ನೀರೆತ್ತುವ ಪಂಪಿನ ದರದಲ್ಲಿ ಹಳ್ಳಿಗೆ ಹೋದವು. ಆಗ ಮಾರಿದ ಅಪ್ಪಂದಿರ ಮಕ್ಕಳು ಈಗ ಅದೇ ಗಾಡಿಗೆ ಲಕ್ಷದ ಮೇಲೆ ಸುರಿದು ಕೊಂಡುತಂದಿದ್ದಾರೆ. ತಿಥಿಯೂಟಕ್ಕೆ ಮೊದಲ ಪಂಕ್ತಿಯಲ್ಲಿ ಕೂತವರು ಇವರೇ. ಬೀಗ ಬಿದ್ದ ದಿನ ಕೆಲಸ ಕಳೆದುಕೊಂಡವರಿಗೆ ಆ ಪಂಕ್ತಿಯಲ್ಲಿ ಎಲೆ ಹಾಕಿದ್ದು ನಾನು ನೋಡಿಲ್ಲ.

2018ರಲ್ಲಿ ಜಾವಾ ಹೆಸರು ಮತ್ತೆ ಬಂತು. ಮೈಸೂರಿಗಲ್ಲ, ಮಧ್ಯಪ್ರದೇಶದ ಪೀಥಂಪುರಕ್ಕೆ. ಒಳಗೆ ನೀರಿನಿಂದ ತಣ್ಣಗಾಗುವ ಎಂಜಿನ್, ಹೊರಗೆ ಅಜ್ಜನ ಕಾಲದ ಅಂಗಿ. ಕಂಪನಿಯವರನ್ನು ದೂರುವಂತಿಲ್ಲ. ಗಿರಾಕಿಗೆ ಏನು ಬೇಕೆಂದು ಅವರಿಗೆ ಗೊತ್ತಿದೆ: ಹಳತರ ಮುಖ, ಹೊಸತರ ಹೊಟ್ಟೆ. ಹಳತನ್ನು ಪ್ರೀತಿಸುತ್ತೇವೆ, ಅದರ ಹಳತನವೊಂದನ್ನು ಬಿಟ್ಟು.

ದೂರ ಪ್ರಯಾಣದ ದೇವರುಗಳ ಕಡೆಗೂ ಒಂದು ಸುತ್ತು ಹಾಕಬೇಕು. ಜಾತ್ರೆಯಲ್ಲಿ ಅರ್ಧ ಜನರ ಎದೆಯ ಮೇಲೆ ಚೆ ಗೆವಾರನ ಮುಖವಿತ್ತು. 1952ರಲ್ಲಿ ಅವನು, ಗೆಳೆಯ ಅಲ್ಬೆರ್ತೊ ಗ್ರನಾದೊ, 500 ಸಿಸಿ ನಾರ್ಟನ್ ಬೈಕು. ಅರ್ಜೆಂಟೀನಾದಿಂದ ಹೊರಟರು. ಬೈಕಿಗೆ ಇಟ್ಟ ಹೆಸರು ‘ಲಾ ಪೊದೆರೊಸ’. ಬಲಶಾಲಿನಿ ಎಂದರ್ಥ. ಬಲಶಾಲಿನಿ ಎರಡನೇ ದೇಶವಾದ ಚಿಲಿಯಲ್ಲೇ ಕೈಯೆತ್ತಿದಳು. ಪೆರು, ಕೊಲಂಬಿಯ, ವೆನೆಜುವೆಲಾವನ್ನೆಲ್ಲ ಅವರು ಕಂಡದ್ದು ಲಾರಿ ಹತ್ತಿ, ದೋಣಿ ಹತ್ತಿ, ಕಾಲು ಸವೆಸಿ. ಪುಸ್ತಕದ ಹೆಸರು ಮಾತ್ರ ‘ಮೋಟಾರ್‌ಸೈಕಲ್ ಡೈರೀಸ್’. ‘ಲಾರಿ ಡೈರೀಸ್’ ಎಂದಿದ್ದರೆ ಟೀ ಶರ್ಟಿಗೆ ಯಾರು ದುಡ್ಡು ಕೊಡುತ್ತಿದ್ದರು?

ಇದರಲ್ಲಿ ಚೆ ಗೆವಾರನ ತಪ್ಪಿಲ್ಲ. ಬೈಕು ಸತ್ತಿತೆಂದು ಅವನೇ ಬರೆದಿಟ್ಟಿದ್ದಾನೆ. ಅವನ ಮುಖ ತೊಟ್ಟವರು ಆ ಪುಟವನ್ನು ತೆರೆದಿಲ್ಲ, ಅಷ್ಟೆ.

ರಾಬರ್ಟ್ ಪಿರ್ಸಿಗ್ ಇನ್ನೊಬ್ಬ ದೇವರು. ಅವನು ಬರೆದ ‘ಝೆನ್’ ಪುಸ್ತಕ ಎಲ್ಲರ ಕಪಾಟಿನಲ್ಲೂ ಇದೆ, ನಲವತ್ತನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿಕೊಂಡು. 1968ರಲ್ಲಿ ಮಗನನ್ನು ಹಿಂದೆ ಕೂರಿಸಿಕೊಂಡು ಹೋಂಡಾದಲ್ಲಿ ಅಮೆರಿಕದ ಪಶ್ಚಿಮಕ್ಕೆ ಹೋದ ಮನುಷ್ಯ. ಜೊತೆಗಿದ್ದ ಗೆಳೆಯನದು ದುಬಾರಿ ಬಿಎಂಡಬ್ಲ್ಯು. ಅದರ ಹ್ಯಾಂಡಲ್ ಸಡಿಲವಾಗಿ ಜಾರುತ್ತದೆ. ಬಿಯರ್ ಡಬ್ಬಿಯ ತಗಡು ಕತ್ತರಿಸಿ ಸಂದಿಗೆ ತೂರಿಸಿದರೆ ಸರಿಹೋಗುತ್ತದೆ ಎಂದು ಪಿರ್ಸಿಗ್ ಹೇಳುತ್ತಾನೆ. ಗೆಳೆಯನಿಗೆ ಮುಖಭಂಗ. ತನ್ನ ಜರ್ಮನ್ ಗಾಡಿಗೆ ಬಿಯರ್ ಡಬ್ಬಿಯ ತಗಡೇ!

ನಮ್ಮ ಜಾತ್ರೆ ಪೂರ್ತಿ ಆ ಗೆಳೆಯರೇ. ಎಲ್ಲರೂ ತಮ್ಮನ್ನು ಪಿರ್ಸಿಗ್ ಎಂದುಕೊಂಡಿದ್ದಾರೆ.

ಟೆಡ್ ಸೈಮನ್ ಎಂಬ ಪತ್ರಕರ್ತ 1973ರಲ್ಲಿ ಲಂಡನ್ನಿನಿಂದ ಟ್ರಯಂಫ್ 500ರಲ್ಲಿ ಹೊರಟು ನಾಲ್ಕು ವರ್ಷ ಲೋಕ ಸುತ್ತಿದ. 45 ದೇಶ, ಲಕ್ಷ ಕಿಲೋಮೀಟರಿಗೂ ಮೇಲೆ. ಭಾರತಕ್ಕೂ ಬಂದಿದ್ದ. ಹೊರಡುವಾಗ ಅವನು ಪಳಗಿದ ಬೈಕು ಸವಾರನೂ ಅಲ್ಲ, ಮೆಕ್ಯಾನಿಕ್ಕೂ ಅಲ್ಲ. ದಾರಿಯಲ್ಲಿ ಕಲಿತ. ಅವನ ಹೆಸರು ಜಾತ್ರೆಯಲ್ಲಿ ಯಾರ ಎದೆಯ ಮೇಲೂ ಇರಲಿಲ್ಲ. ಮುಖ ಫೋಟೊಗೆ ಅಷ್ಟು ಹೊಂದುವುದಿಲ್ಲವೇನೋ.

ಆಮೇಲೆ ಲಡಾಖು. ಲಡಾಖಿಗೆ ಹೋಗದ ಹಳೇ ಬೈಕಿನವನಿಗೆ ಸಮಾಜದಲ್ಲಿ ಸ್ಥಾನವಿಲ್ಲ. ಹೋಗುವ ಕ್ರಮ ಹೀಗೆ. ಟ್ಯಾಂಕ್ ಖಾಲಿ ಮಾಡಿ, ಗೋಣಿ ಸುತ್ತಿ, ಗಾಡಿಯನ್ನು ರೈಲಿನ ಪಾರ್ಸೆಲ್ ಡಬ್ಬಿಗೆ ಹಾಕುವುದು. ತಾನು ವಿಮಾನದಲ್ಲಿ ಚಂಡೀಗಢ. ಅಲ್ಲಿಂದ ಮುಂದೆ ಸಾಹಸ. ಊರಿಗೆ ಬಂದ ಮೇಲೆ ‘ಬೆಂಗಳೂರು ಟು ಖರ್ದುಂಗ್ ಲಾ’ ಎಂಬ ಸ್ಟಿಕ್ಕರು. ನಡುವಿನ ಎರಡು ಸಾವಿರ ಚಿಲ್ಲರೆ ಕಿಲೋಮೀಟರ್ ಓಡಿದ್ದು ರೈಲ್ವೆ ಇಲಾಖೆ. ಸ್ಟಿಕ್ಕರನ್ನು ಅಂಟಿಸಬೇಕಾದ್ದು ರೈಲಿನ ಎಂಜಿನ್ನಿಗೆ.

ಖರ್ದುಂಗ್ ಲಾ ಬೋರ್ಡು ಕೂಡ ಇವರಿಗೆ ತಕ್ಕದ್ದೇ. ವರ್ಷಗಟ್ಟಲೆ ಅದರ ಮೇಲೆ 18,380 ಅಡಿ ಎಂದು ಬರೆದಿತ್ತು. ಅಳತೆ ಮಾಡಿದವರಿಗೆ ಸಿಕ್ಕಿದ್ದು 5,359 ಮೀಟರ್, ಅಂದರೆ 17,582 ಅಡಿ. ಎಂಟುನೂರು ಅಡಿ ಸುಳ್ಳು. ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡ ಯಾರೂ ತಕರಾರು ಎತ್ತಲಿಲ್ಲ. ಸುಳ್ಳಿಗೆ ಸುಳ್ಳು ಒತ್ತಾಸೆ.

ಕಾರ್ಬೊರೇಟರ್ ಮಾತ್ರ ಬೋರ್ಡು ಓದುವುದಿಲ್ಲ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟು. ಮೈಸೂರಿನ ಗಾಳಿಗೆ ಕೂರಿಸಿದ ಜೆಟ್ ಅಲ್ಲಿ ಗಾಳಿಗೆ ಮೀರಿ ಪೆಟ್ರೋಲು ಸುರಿಯುತ್ತದೆ. ಪ್ಲಗ್ಗು ಕಪ್ಪಾಗುತ್ತದೆ. ಗಾಡಿ ಉಸಿರುಗಟ್ಟಿ ನಿಲ್ಲುತ್ತದೆ. ಸಣ್ಣ ಜೆಟ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಅರ್ಧ ಗಂಟೆಯ ಕೆಲಸ. ಆದರೆ ಜೇಬಿನ ತುಂಬ ಸ್ಟಿಕ್ಕರು. ಬುಲೆಟ್ಟಿನವರೂ ಇದೇ ಜಾತಿ. ಎಡಗಾಲಿನಲ್ಲಿ ಬ್ರೇಕು, ಬಲಗಾಲಿನಲ್ಲಿ ಗೇರು ಇರುವ ಎರಕದ ಕಬ್ಬಿಣದ ಹಳೇ ಎಂಜಿನ್ನೇ ನಿಜವಾದ ಬುಲೆಟ್ಟು ಎಂದು ಪ್ರಮಾಣ ಮಾಡುತ್ತಾರೆ. ಬೆಟ್ಟ ಹತ್ತುವಾಗ ಬಾಡಿಗೆಗೆ ಹೊಸದನ್ನು ಹುಡುಕುತ್ತಾರೆ.

ನಾನೂ ಒಮ್ಮೆ ಇವರ ಜೊತೆ ಹೋಗಿದ್ದೆ. ತಪ್ಪು ನನ್ನದೇ.

ಮೈಸೂರಿನಿಂದ ಮಂಗಳೂರು. ಹುಣಸೂರು, ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ. ಸುಮಾರು 250 ಕಿಲೋಮೀಟರ್. ಹನ್ನೊಂದು ಹಳೇ ಬೈಕು. ಹಿಂದೆ ಒಂದು ವ್ಯಾನು. ವ್ಯಾನಿನಲ್ಲಿ ಮೆಕ್ಯಾನಿಕ್ ಇಲ್ಲ, ಕ್ಯಾಮೆರಾದವನಿದ್ದ. ಎಂದೂ ಕೈಕೊಡದ ಹನ್ನೊಂದು ಗಾಡಿಗಳ ಹಿಂದೆ ವ್ಯಾನು ಯಾಕೆ ಎಂದು ಕೇಳಿದೆ. ‘ಸೇಫ್ಟಿಗೆ ಅಂಕಲ್’ ಎಂದರು. ನಂಬಿಕೆ ಬೇರೆ, ವ್ಯಾನು ಬೇರೆ.

ಹುಣಸೂರು ತಲುಪುವುದರೊಳಗೆ ಎರಡು ನಿಂತವು. ಒಂದಕ್ಕೆ ಪ್ಲಗ್ಗು. ಇನ್ನೊಂದಕ್ಕೆ ಪೆಟ್ರೋಲ್ ಆನ್ ಮಾಡಿರಲಿಲ್ಲ. ಅದನ್ನು ಕಂಡುಹಿಡಿಯಲು ಇಪ್ಪತ್ತು ನಿಮಿಷ, ಮೂವರು ಇಂಜಿನಿಯರುಗಳು ಬೇಕಾದರು. ಅವರ ಕೆಲಸ ಸಾಫ್ಟ್‌ವೇರಿನಲ್ಲಿ. ಮಡಿಕೇರಿಯಲ್ಲಿ ಕಾಫಿ ಕುಡಿದು, ಮಂಜಿನಲ್ಲಿ ಫೋಟೊ ಹೊಡೆದು ಇಳಿಯಲು ಶುರುಮಾಡಿದೆವು. ಸಂಪಾಜೆವರೆಗೆ ಇಳಿಜಾರೇ ಇಳಿಜಾರು. ಮುಂದಿದ್ದ ಹುಡುಗ ಜಾಣ. ಪೆಟ್ರೋಲ್ ಉಳಿಯಲಿ ಎಂದು ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಬಿಟ್ಟು ಇಳಿದ. ತಿರುವಿನಲ್ಲಿ ಹಿಂದಿನ ಚಕ್ರ ಕಿರುಚಿತು. ಗಾಡಿ ಕಂಬದಂತೆ ನಿಂತಿತು. ಪುಣ್ಯಕ್ಕೆ ಹುಡುಗ ಬೀಳಲಿಲ್ಲ. ಪಿಸ್ಟನ್ ಜಾಮ್.

ವ್ಯಾನಿನಲ್ಲಿದ್ದವನು ಒಳ್ಳೆಯ ಫೋಟೊ ತೆಗೆದ.

ಘಾಟಿಯ ಕೆಳಗೆ ತಗಡಿನ ಮಾಡಿನ ಒಂದು ಗ್ಯಾರೇಜು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದ. ಗಾಡಿ ಮುಟ್ಟುವ ಮೊದಲೇ ಕೇಳಿದ:

‘ಎಂಥ, ಘಾಟಿ ಇಳಿವಾಗ ಆಕ್ಸಿಲರೇಟರ್ ಬಂದ್ ಮಾಡಿದ್ದಾ?’

ಹುಡುಗ ತಲೆಯಾಡಿಸಿದ.

‘ಮತ್ತೆ ಎಂಥ ಮಾರಾಯ್ರೆ? ಇದಕ್ಕೆ ಆಯಿಲ್ ಪೆಟ್ರೋಲಿನೊಟ್ಟಿಗೇ ಹೋಗುದಲ್ವಾ? ಪೆಟ್ರೋಲ್ ಬಂದ್ ಆದ್ರೆ ಆಯಿಲೂ ಬಂದ್. ಆಗಾಗ ಸ್ವಲ್ಪ ಕೊಡ್ತಾ ಇಳೀಬೇಕು. ನಿಮಗೆ ಯಾರೂ ಹೇಳ್ಲಿಲ್ವಾ?’

ಯಾರೂ ಹೇಳಿರಲಿಲ್ಲ. ಹುಡುಗ ನನ್ನ ಮುಖ ನೋಡಿದ. ಮಾವ ನನಗೆ ಹೇಳಿದ್ದರು. ನಾನು ಅವನಿಗೆ ಹೇಳಿರಲಿಲ್ಲ. ಕಾಫಿಯ ಹೊತ್ತಿನಲ್ಲಿ ಜಾಕೆಟ್ಟಿನ ಬೆಲೆ ಚರ್ಚೆಯಾಗುತ್ತಿತ್ತು. ನಡುವೆ ಬಾಯಿ ಹಾಕುವುದು ಬೇಡವೆಂದು ಸುಮ್ಮನಿದ್ದೆ. ಇದನ್ನೂ ಬರೆದುಕೊಳ್ಳಿ.

ಮೆಕ್ಯಾನಿಕ್ ಹೆಡ್ ಬಿಚ್ಚಿದ. ಸಿಲಿಂಡರ್ ಎತ್ತಿದ. ಪಿಸ್ಟನ್ ಮೇಲೆ ಉಜ್ಜಿಹೋದ ಗೆರೆಗಳನ್ನು ಎಮರಿ ಪೇಪರಿನಲ್ಲಿ ತಿಕ್ಕಿದ. ರಿಂಗುಗಳನ್ನು ಬಿಡಿಸಿದ. ಎರಡೂವರೆ ಗಂಟೆ. ಮಂಗಳೂರಿಗೆ ಮುಟ್ಟುತ್ತದೆ, ಊರಿಗೆ ಹೋಗಿ ಬೋರ್ ಮಾಡಿಸಿ ಎಂದ. ಆರುನೂರು ಕೇಳಿದ. ಎರಡು ಲಕ್ಷದ ಗಾಡಿ, ಹದಿನೆಂಟು ಸಾವಿರದ ಜಾಕೆಟ್ಟು, ನಾಲ್ಕು ಸಾವಿರದ ಗ್ಲೌಸು. ಹುಡುಗ ನಾನೂರಕ್ಕೆ ಚೌಕಾಸಿ ಮಾಡಿದ. ‘ಪಾರ್ಟ್ಸ್ ಏನೂ ಹಾಕಿಲ್ಲವಲ್ಲ?’

ಆ ಎರಡೂವರೆ ಗಂಟೆಯಲ್ಲಿ ನಾನು ರಸ್ತೆ ನೋಡುತ್ತಾ ಕೂತಿದ್ದೆ. ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡ ಎಂ80 ಒಂದು ಪೊಂ ಪೊಂ ಎನ್ನುತ್ತಾ ಘಾಟಿ ಹತ್ತಿತು. ಬಣ್ಣ ಎಂದೋ ಹೋಗಿತ್ತು. ಸೀಟಿನ ಜಾಗದಲ್ಲಿ ಗೋಣಿ. ಅರ್ಧ ಗಂಟೆ ಬಿಟ್ಟು ಖಾಲಿ ಪೆಟ್ಟಿಗೆಯೊಂದಿಗೆ ಇಳಿಯಿತು. ಇಳಿಯುವಾಗ ಸವಾರ ಆಗಾಗ ಆಕ್ಸಿಲರೇಟರ್ ತಿರುವುತ್ತಿದ್ದ. ಅವನಿಗೆ ಗೊತ್ತಿತ್ತು.

ಎಂ80 ಬರುವುದು ನಿಂತು ಎಷ್ಟೋ ಕಾಲವಾಯಿತು. ಆ ಗಾಡಿ ಬಂದರಿಗೆ ಹೋಗಿ, ಮೀನು ಹೊತ್ತು, ಮನೆಮನೆ ಸುತ್ತಿ ಮರಳಬೇಕು. ದಿನವೂ. ಮಳೆಗಾಲದಲ್ಲೂ. ಹಿಂದೆ ವ್ಯಾನಿಲ್ಲ. ವರ್ಷದ ಲೆಕ್ಕ ಹಾಕಿದರೆ ಖರ್ದುಂಗ್ ಲಾ ಎಷ್ಟು ಸಲವಾಗುತ್ತದೋ. ಅದಕ್ಕೆ ಸಂಘವಿಲ್ಲ, ಸ್ಟಿಕ್ಕರಿಲ್ಲ, ಜುಲೈಯಲ್ಲಿ ಭಾನುವಾರವಿಲ್ಲ. ಮೀನಿನ ವಾಸನೆ ಬರುವ ಗಾಡಿ ವಿಂಟೇಜ್ ಹೇಗಾದೀತು?

ವಿಂಟೇಜ್ ಎಂದರೆ ಏನೆಂದು ಸರ್ಕಾರವೂ ಹೇಳಿದೆ. 2021ರ ಕೇಂದ್ರ ನಿಯಮ. 50 ವರ್ಷ ದಾಟಿರಬೇಕು, ಮೂಲರೂಪ ಕೆಟ್ಟಿರಬಾರದು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ನಂಬರಿನ ನಡುವೆ ‘ವಿಎ’ ಎಂಬ ಅಕ್ಷರಗಳು. ಇಷ್ಟಾದ ಮೇಲೆ ಗಾಡಿಯನ್ನು ಪ್ರದರ್ಶನಕ್ಕೆ ಒಯ್ಯಬಹುದು, ರ‍್ಯಾಲಿಗೆ ಒಯ್ಯಬಹುದು, ಪೆಟ್ರೋಲಿಗೆ, ರಿಪೇರಿಗೆ ಒಯ್ಯಬಹುದು. ದಿನನಿತ್ಯ ಓಡಿಸುವಂತಿಲ್ಲ. ಅಂದರೆ ಓಡುತ್ತದೆ ಎಂದು ಸಾಬೀತಾದ ಗಾಡಿಗೆ ಓಡಬಾರದೆಂಬ ಸರ್ಟಿಫಿಕೇಟು.

ಈ ಲೆಕ್ಕದಲ್ಲಿ ನನ್ನ ಮಾವನ ರೋಡ್‌ಕಿಂಗ್ ವಿಂಟೇಜ್ ಆಗುವುದು 2029ಕ್ಕೆ. ಅಲ್ಲಿಯವರೆಗೆ ಅದು ಬರೀ ಹಳೇ ಗಾಡಿ. ಮೈದಾನದ ಬ್ಯಾನರಿನಲ್ಲಿ ‘ವಿಂಟೇಜ್’ ಎಂದು ಬರೆಸಿದವರಿಗೆ ಕಾನೂನು ಗೊತ್ತಿರಲಿಲ್ಲ. ಉದ್ಘಾಟಿಸಿದ ಜನಪ್ರತಿನಿಧಿಗೆ ಗೊತ್ತಿರಬೇಕಿತ್ತು. ಅವರು ‘ನಾನೂ ಕಾಲೇಜಿನಲ್ಲಿ ಯೆಜ್ಡಿ ಓಡಿಸ್ತಿದ್ದೆ’ ಎಂದು ಹೇಳಿ, ಹೆಲ್ಮೆಟ್ ಇಲ್ಲದೆ ಮೈದಾನ ಒಂದು ಸುತ್ತು ಹಾಕಿ, ರಸ್ತೆ ಸುರಕ್ಷತೆಯ ಬಗ್ಗೆ ಮಾತಾಡಿ ಹೋದರು.

ಮೈಸೂರಿನ ಬೈಕು ಬೆಂಗಳೂರಿಗೆ ಹೋಗಬೇಕೆಂದುಕೊಳ್ಳಿ. ಎಕ್ಸ್‌ಪ್ರೆಸ್‌ವೇ ಇದೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು ಬರುವಂತಿಲ್ಲ. ಆಟೊ, ಟ್ರ್ಯಾಕ್ಟರಿನ ಸಾಲಿನಲ್ಲಿ ಸರ್ವಿಸ್ ರೋಡು ಹಿಡಿಯಬೇಕು. ರೋಡ್‌ಕಿಂಗ್ ತಾನು ಹುಟ್ಟಿದ ಊರಿನ ಹೆದ್ದಾರಿಗೆ ಕಾಲಿಡುವಂತಿಲ್ಲ. ಟಾಟಾ ಏಸ್ ಹತ್ತಿಸಿದರೆ ಹೋಗಬಹುದು. ಬೆಳಗಾವಿಯ ಮಾಲೀಕರನ್ನು ನಾನು ಸುಮ್ಮನೆ ಬೈದೆನೇನೋ. ಅವರು ಕಾನೂನು ಓದಿಕೊಂಡವರಿರಬೇಕು.

ದಿಲ್ಲಿಯ ಮೇಲೆ ಲಡಾಖಿಗೆ ಹೋಗುವವರ ಕಥೆ ಇನ್ನೂ ಚೆಂದ. 15 ವರ್ಷ ದಾಟಿದ ಪೆಟ್ರೋಲ್ ಗಾಡಿ ರಾಜಧಾನಿ ವಲಯದಲ್ಲಿ ಓಡಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಒಂದು ಕೈಯಲ್ಲಿ ಪರಂಪರೆಯ ನಂಬರ್ ಪ್ಲೇಟು, ಇನ್ನೊಂದು ಕೈಯಲ್ಲಿ ಗುಜರಿಯ ಚೀಟಿ.

ಪೆಟ್ರೋಲಿನ ಗತಿ ಬೇರೆ. ಬಂಕಿನಲ್ಲಿ ಈಗ ಸಿಗುವುದರಲ್ಲಿ ನೂರಕ್ಕೆ 20 ಪಾಲು ಎಥನಾಲ್. ಕಬ್ಬು, ಅಕ್ಕಿ, ಮೆಕ್ಕೆಜೋಳದಿಂದ ತೆಗೆದದ್ದು. ರೈತರಿಗೆ ಒಳ್ಳೆಯದಾಗಲಿ. ಮಂಡ್ಯದವರ ಎದುರು ಕಬ್ಬಿನ ಬಗ್ಗೆ ಕೆಟ್ಟ ಮಾತಾಡುವ ಧೈರ್ಯ ನನಗಿಲ್ಲ. ಆದರೆ ಎಥನಾಲ್ ಗಾಳಿಯ ತೇವ ಹೀರುತ್ತದೆ. ತಗಡಿನ ಹಳೇ ಟ್ಯಾಂಕಿನ ತಳದಲ್ಲಿ ನೀರು ಕೂರುತ್ತದೆ, ತುಕ್ಕು ಏಳುತ್ತದೆ, ತುಕ್ಕಿನ ಪುಡಿ ಜೆಟ್ಟಿಗೆ ಹೋಗಿ ಕೂರುತ್ತದೆ. ಎಪ್ಪತ್ತರ ದಶಕದ ರಬ್ಬರ್ ಪೈಪು ಉಬ್ಬಿ ಮೆತ್ತಗಾಗುತ್ತದೆ. ವರ್ಷದಲ್ಲಿ ಹನ್ನೊಂದು ತಿಂಗಳು ಹೊದಿಕೆಯೊಳಗೆ ನಿಲ್ಲುವ ಗಾಡಿಗೆ ಇದು ನಿಧಾನ ವಿಷ. ದಿನಾ ಓಡುವ ಗಾಡಿಯಲ್ಲಿ ಪೆಟ್ರೋಲ್ ಹಳಸುವುದಿಲ್ಲ. ವಿಂಟೇಜ್ ನಂಬರು ಹಾಕಿಸಿ ದಿನಾ ಓಡಿಸಿದರೆ ಕಾನೂನು ಹಿಡಿಯುತ್ತದೆ.

ಜಾತ್ರೆಯ ಶಾಮಿಯಾನದ ಹಿಂದೆ, ನೆಲದ ಮೇಲೆ ರಟ್ಟು ಹಾಸಿಕೊಂಡು ಒಬ್ಬರು ಕೂತಿದ್ದರು. ನನ್ನ ಗಾಡಿಯ ಮೆಕ್ಯಾನಿಕ್ಕೂ ಅವರೇ. ಊರಿಗೆಲ್ಲ ‘ಭಾಯ್’. ಎಪ್ಪತ್ತು ದಾಟಿದೆ. ಪಾಯಿಂಟಿನ ಸಂದು ಅಳೆಯಲು ಹಳೇ ಮದುವೆ ಕರೆಯೋಲೆಯ ಚೂರು ಇಟ್ಟುಕೊಂಡಿದ್ದಾರೆ. ಕಿವಿಯಲ್ಲೇ ಟೈಮಿಂಗ್ ಹೇಳುತ್ತಾರೆ. ಬೆಳಗಿನಿಂದ ಹದಿನಾಲ್ಕು ‘ಕೈಕೊಡದ’ ಗಾಡಿಗಳನ್ನು ಎಬ್ಬಿಸಿದ್ದರು. ಹದಿನಾಲ್ಕರಲ್ಲಿ ಐವರು ದುಡ್ಡು ಕೊಟ್ಟಿದ್ದರು. ಉಳಿದವರು ‘ಆಮೇಲೆ ಸೆಟಲ್ ಮಾಡ್ತೀವಿ ಭಾಯ್’ ಎಂದು ಭುಜ ತಟ್ಟಿ ವೇದಿಕೆಯ ಕಡೆ ಹೋಗಿದ್ದರು.

‘ಮಗ ಕಲೀತಿದ್ದಾನಾ ಭಾಯ್?’ ಎಂದೆ.

‘ಅವನ್ಯಾಕೆ ಕಲೀತಾನೆ ಸ್ವಾಮಿ? ಮೊಬೈಲ್ ಅಂಗಡಿಲಿದ್ದಾನೆ. ಅಲ್ಲಿ ಫ್ಯಾನಿದೆ.’

ಅಷ್ಟರಲ್ಲಿ ಬಹುಮಾನ ವಿತರಣೆ. ಅತಿ ಹೊಳಪಿನ ಗಾಡಿ. ಅತಿ ಜೋರು ಸದ್ದಿನ ಗಾಡಿ. ಕೊನೆಗೆ ಅತಿ ದೂರದಿಂದ ಬಂದ ಗಾಡಿ: ಬೆಳಗಾವಿಯ ರೋಡ್‌ಕಿಂಗ್. ಮಾಲೀಕರು ಜಾಕೆಟ್ಟಿನ ಚೈನು ಮೇಲಕ್ಕೆಳೆದುಕೊಂಡು ವೇದಿಕೆ ಹತ್ತಿದರು. ಹಿತ್ತಾಳೆಯ ಪಿಸ್ಟನ್ ಆಕಾರದ ಟ್ರೋಫಿ. ಫೋಟೊ ಮುಗಿದ ಮೇಲೆ ಗಾಡಿ ಏಳಲಿಲ್ಲ. ನಾಲ್ವರು ತಳ್ಳಿಕೊಂಡು ಮರದ ಬಳಿಗೆ ತಂದರು. ಹಲಗೆ ಇಟ್ಟರು. ಏರಿಸಿದರು. ಹಗ್ಗ ಬಿಗಿದರು.

ಟಾಟಾ ಏಸಿನ ಡ್ರೈವರ್ ಇಪ್ಪತ್ತೈದರ ಹುಡುಗ. ಕಣ್ಣು ಕೆಂಪಾಗಿತ್ತು. ಟೀ ಲೋಟ ಕೆಳಗಿಟ್ಟು, ಟ್ರೋಫಿ ಹಿಡಿದು ಕಾರಿನ ಕಡೆ ಹೋಗುತ್ತಿದ್ದ ಮಾಲೀಕರನ್ನೇ ನೋಡುತ್ತಿದ್ದ.

‘ಏನಂತ ಕೊಟ್ರಿ ಸರ ಅದು?’

‘ಎಲ್ಲರಿಗಿಂತ ದೂರದಿಂದ ಬಂದ ಗಾಡಿಗಂತೆ.’

ಹುಡುಗ ಒಮ್ಮೆ ಮೇಲಿದ್ದ ಯೆಜ್ಡಿ ನೋಡಿದ. ಒಮ್ಮೆ ತನ್ನ ಸ್ಟಿಯರಿಂಗ್ ನೋಡಿದ.

‘ರಾತ್ರಿ ಎಲ್ಲಾ ಹೊಡಕೊಂಡ ಬಂದೇನ್ರಿ. ಇನ್ನ ಬಾಡಗಿನ ಕೊಟ್ಟಿಲ್ಲ’ ಎಂದವನೇ ಕೀಲಿ ತಿರುವಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.